ಎಕ್ಕ ಸಿಕ್ಕಿದ ಮೇಲೂ ಎಸೆಯುವುದು

(ಉಡುಪಿಯ ಅಜ್ಜರಕಾಡಿನ ಹತ್ತಿರದ ಒಂದು ಸಣ್ಣ ಸಭಾಂಗಣದಲ್ಲಿ ಮಳೆಗಾಲದ ಒಂದು ಶನಿವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಮಧ್ಯೆ ಎಲೆ ಹಂಚಿ ಆಡಿ ತೋರಿಸಿದ್ದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಕೊಡೆ ಹಿಡಿದು ಬಂದಿದ್ದೀರಿ, ತುಂಬಾ ಸಂತೋಷ.

ಇವತ್ತಿನ ಮಾತು ಪೋಕರ್ ಅನ್ನುವ ಇಸ್ಪೀಟು ಆಟದ ಬಗ್ಗೆ. ಮೇಜಿನ ಮೇಲೆ ಏನುಂಟು ಅಂತ ಮೊದಲು ಹೇಳಿಬಿಡುತ್ತೇನೆ. ಎರಡು ಕಟ್ಟು ಇಸ್ಪೀಟೆಲೆ. ಒಂದು ಹಾರ್ಲಿಕ್ಸ್ ಬಾಟಲಿ ತುಂಬಾ ಹುಣಸೆಬೀಜ. ಹಣ ಇಲ್ಲ. ಇವತ್ತು ಪಣಕ್ಕೆ ಇಡುವುದೆಲ್ಲ ಹುಣಸೆಬೀಜವೇ. ನಮ್ಮ ಕರಾವಳಿಯಲ್ಲಿ ಇಸ್ಪೀಟು ಅಂದ ಕೂಡಲೇ ಜನರಿಗೆ ಪೇಪರಿನ ಒಳಪುಟದ ಸುದ್ದಿ ನೆನಪಾಗುತ್ತದೆ. ಎಲ್ಲೋ ಗುಡ್ಡೆಯ ಹಿಂದೆ ಉಲಾಯಿ-ಪಿದಾಯಿ (ಒಳಗೆ-ಹೊರಗೆ ಅನ್ನುವ ಇಸ್ಪೀಟು ಜೂಜು), ಪೊಲೀಸರ ದಾಳಿ, ಇಷ್ಟು ಜನ ವಶಕ್ಕೆ. ಅದಕ್ಕೇ ಇದನ್ನು ಮೊದಲೇ ಹೇಳಿದೆ. ಇನ್ನೊಂದು ವಿಷಯವೂ ಗೊತ್ತಿರಲಿ. ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ದೇಶದಲ್ಲೇ ನಿಷೇಧಿಸುವ ಮಸೂದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು, 22ರಂದು ರಾಷ್ಟ್ರಪತಿಯವರ ಅಂಕಿತವೂ ಬಿತ್ತು. ಪೋಕರ್ ಕೂಡ ಅದರೊಳಗೆ ಬರುತ್ತದೆ. ಹಾಗಾಗಿ ಮನೆಗೆ ಹೋಗಿ ಮೊಬೈಲ್ ತೆಗೆಯಬೇಡಿ. ನಾನು ಹೇಳಲು ಬಂದದ್ದು ಲೆಕ್ಕ, ಮತ್ತು ಆ ಲೆಕ್ಕವನ್ನು ನಂಬಲು ನಮ್ಮ ಮನಸ್ಸು ಪಡುವ ಕಷ್ಟ.

ಉಲಾಯಿ-ಪಿದಾಯಿಯಲ್ಲಿ ನಿಮಗೆ ಮಾಡಲು ಏನೂ ಇಲ್ಲ. ಒಳಗೆ ಬಿತ್ತೋ ಹೊರಗೆ ಬಿತ್ತೋ, ಅಷ್ಟೆ. ಪೋಕರಿನಲ್ಲಿ ಒಂದು ಅಧಿಕಾರ ನಿಮ್ಮ ಕೈಯಲ್ಲಿ ಉಂಟು. ಎಲೆ ನೋಡಿ "ನನಗೆ ಬೇಡ" ಅಂತ ಎಸೆಯಬಹುದು. ಇಡೀ ಆಟ ನಿಂತಿರುವುದು ಅದರ ಮೇಲೆ. ಎರಡು-ಏಳು ಬಂದರೆ ಯಾರು ಬೇಕಾದರೂ ಎಸೆಯುತ್ತಾರೆ. ಕೈಯಲ್ಲಿ ಎಕ್ಕ ಇರುವಾಗ ಎಸೆಯುವುದು ಕಷ್ಟ. ಇವತ್ತಿನ ಮಾತು ಪೂರ್ತಿ ಅದರ ಬಗ್ಗೆಯೇ.

ಎಕ್ಕದ ಮೇಲೆ ನಮಗೆ ಯಾಕೆ ಇಷ್ಟು ಮೋಹ? ನಮ್ಮ ಮನೆಯಲ್ಲಿ ಅಜ್ಜಿ ಇಪ್ಪತ್ತೆಂಟು ಆಡುತ್ತಿದ್ದರು. ಇಲ್ಲಿ ಎಷ್ಟು ಜನರಿಗೆ ಗೊತ್ತು ಆ ಆಟ? ಸುಮಾರು ಕೈ ಎದ್ದವು, ಒಳ್ಳೆಯದಾಯಿತು. ಅದರಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ಒಂದು ಗುರುತಿಗೆ 7, ನಾಲ್ಕು ಗುರುತಿಗೆ 28. ಗುಲಾಮ ಬಿದ್ದರೆ ಎಕ್ಕ ಬಾಯಿ ಮುಚ್ಚಿ ಹೋಗಬೇಕು. ಆಟಿ ತಿಂಗಳ ಮಳೆಯಲ್ಲಿ ಚಾವಡಿಯಲ್ಲಿ ಕೂತು ಆಡುವಾಗ, ನಾನು ಚಿಕ್ಕವನು, ಎಕ್ಕ ಬಂದರೆ ಖುಷಿಯಿಂದ ಮುಖ ಅರಳಿಸುತ್ತಿದ್ದೆ. ಅಜ್ಜಿ ಹೇಳುತ್ತಿದ್ದರು, "ಒಂದೇ ಎಲೆ ನೋಡಿ ನಗಬೇಡ ಮಗಾ, ಅದರ ಒಟ್ಟಿಗೆ ಎಂತ ಉಂಟು ನೋಡು." ಪೋಕರಿಗೆ ಬಂದ ಮೇಲೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಇದು.

ಆಟ ಗೊತ್ತಿಲ್ಲದವರಿಗಾಗಿ ಎರಡು ನಿಮಿಷ. ಟೆಕ್ಸಾಸ್ ಹೋಲ್ಡೆಮ್ ಅನ್ನುವ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಮುಚ್ಚಿ. ಆಮೇಲೆ ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ, ತೆರೆದು. ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್. ಮತ್ತೆ ಒಂದು, ಅದು ಟರ್ನ್. ಕೊನೆಗೆ ಒಂದು, ಅದು ರಿವರ್. ಒಟ್ಟು ಏಳು ಎಲೆಯಲ್ಲಿ ಒಳ್ಳೆಯ ಐದು ಯಾರದ್ದೋ ಅವರಿಗೆ ಗುಡ್ಡೆ, ಅಂದರೆ ಮೇಜಿಗೆ ಬಿದ್ದ ಪಣವೆಲ್ಲ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಸರಿಗಟ್ಟಬಹುದು, ಎಸೆದು ಕೂರಬಹುದು.

52 ಎಲೆಯಲ್ಲಿ ಎರಡೆರಡನ್ನು ಜೋಡಿಸಿದರೆ 1,326 ಜೋಡಿ ಆಗುತ್ತವೆ. ಇವುಗಳಲ್ಲಿ ಎಕ್ಕ ಇರುವ ಜೋಡಿ 198. ಅಂದರೆ ನೂರು ಸಲ ಎಲೆ ಹಂಚಿದರೆ ಸುಮಾರು ಹದಿನೈದು ಸಲ ನಿಮಗೆ ಎಕ್ಕ ಬರುತ್ತದೆ. ಅಪರೂಪ ಏನೂ ಅಲ್ಲ, ಅಲ್ವಾ? ಇನ್ನೂ ಒಂದು ನೋಡಿ. ಎಕ್ಕದ ಜೊತೆಗೆ ಎರಡರಿಂದ ಒಂಬತ್ತರವರೆಗಿನ ಎಲೆ ಇದ್ದರೆ ನಾನು ಅದನ್ನು ಬಡ ಎಕ್ಕ ಅನ್ನುತ್ತೇನೆ. 198ರಲ್ಲಿ 128 ಬಡ ಎಕ್ಕಗಳೇ. ಎಕ್ಕ ಬಂತು ಅಂತ ಎದೆ ಹೊಡೆದುಕೊಂಡಾಗಲೆಲ್ಲ ಮೂರರಲ್ಲಿ ಎರಡು ಸಲ ಬಂದಿರುವುದು ಬಡ ಎಕ್ಕ.

ಇಷ್ಟು ಹೇಳಿ ಮುಂದಿನ ಸಾಲಿನಿಂದ ಹತ್ತು ಜನರನ್ನು ಮೇಜಿಗೆ ಕರೆದೆ. ತಲಾ ನಲವತ್ತು ಬೀಜ. ಎಲೆ ಕಲಸಿ ಹಂಚಿದೆ. ಮೊದಲ ಸುತ್ತಿನಲ್ಲಿ ಏಳು ಜನ ಎಸೆದರು. ಒಬ್ಬರು ಫ್ಲಾಪ್ ನೋಡಿ ಬಿಟ್ಟರು. ಉಳಿದದ್ದು ಇಬ್ಬರು. ಮಣಿಪಾಲದಲ್ಲಿ ಓದುವ ಒಬ್ಬ ಹುಡುಗ, ಸಾಲಿಗ್ರಾಮದಿಂದ ಬಂದಿದ್ದ ಒಬ್ಬರು ಅಮ್ಮ. ಫ್ಲಾಪಿನಲ್ಲಿ ಎಕ್ಕ, ಒಂಬತ್ತು, ಆರು. ಹುಡುಗ ತಕ್ಷಣ ಆರು ಬೀಜ ಮುಂದಿಟ್ಟ. ಅಮ್ಮ ಸುಮ್ಮನೆ ಆರು ಇಟ್ಟರು. ಟರ್ನಿನಲ್ಲಿ ರಾಣಿ. ಹುಡುಗ ಹತ್ತು ಇಟ್ಟ. ಅಮ್ಮ ಹತ್ತು. ರಿವರಿನಲ್ಲಿ ಮೂರು. ಈಗ ಅಮ್ಮನೇ ಹದಿನೈದು ಇಟ್ಟರು. ಹುಡುಗ ಸ್ವಲ್ಪ ಹೊತ್ತು ಎಲೆಯ ಮೂಲೆ ಎತ್ತಿ ನೋಡಿದ, ಮತ್ತೆ ಹದಿನೈದು ತಳ್ಳಿದ.

ಹುಡುಗನದ್ದು ಎಕ್ಕ-ಐದು. ಅಮ್ಮನದ್ದು ಎಕ್ಕ-ಹತ್ತು.

ಇಬ್ಬರಿಗೂ ಎಕ್ಕದ ಜೋಡಿ. ಹಾಗಾದರೆ ಗೆದ್ದದ್ದು ಯಾರು? ಐದು ಎಲೆ ಲೆಕ್ಕ ಹಾಕಿ. ಅಮ್ಮನಿಗೆ ಎಕ್ಕ, ಎಕ್ಕ, ರಾಣಿ, ಹತ್ತು, ಒಂಬತ್ತು. ಹುಡುಗನಿಗೆ ಎಕ್ಕ, ಎಕ್ಕ, ರಾಣಿ, ಒಂಬತ್ತು, ಆರು. ಅವನ ಕೈಯಲ್ಲಿದ್ದ ಐದು ಲೆಕ್ಕಕ್ಕೇ ಬರಲಿಲ್ಲ ನೋಡಿ. ಮೇಜಿನ ಮೇಲಿದ್ದ ಆರು ಅದಕ್ಕಿಂತ ದೊಡ್ಡದು. ಜೊತೆಗಿರುವ ಎಲೆಯನ್ನು ಆಟದಲ್ಲಿ ಕಿಕ್ಕರ್ ಅನ್ನುತ್ತಾರೆ. ಹುಡುಗ ಅಷ್ಟೂ ಹೊತ್ತು ಆಡಿದ್ದು ಒಂದೇ ಎಲೆಯಲ್ಲಿ. ಅಮ್ಮ ಆಡಿದ್ದು ಎರಡು ಎಲೆಯಲ್ಲಿ. ಬೀಜ ಎಳೆದುಕೊಳ್ಳುವಾಗ ಅವರು ಹೇಳಿದರು, "ನೀನು ಬಿಡ್ತೀಯ ಅಂತ ಮಾಡಿದ್ದೆ ಮಗಾ."

ಈ ನಷ್ಟ ನನಗೆ ಹೊಸತಲ್ಲ. ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ, ಕೊನೆಯ ವರ್ಷ, ರಾತ್ರಿ ಊಟ ಮುಗಿದ ಮೇಲೆ ಕೋಣೆಯ ಬಾಗಿಲು ಹಾಕಿ ನಾವು ದುಡ್ಡಿಗೆ ಆಡುತ್ತಿದ್ದೆವು. ಸಣ್ಣ ಆಟವೇ. ಒಂದು ರಾತ್ರಿ ನನಗೆ ಎಕ್ಕ-ಆರು ಬಂತು, ಬೇರೆ ಬೇರೆ ಗುರುತು. ಫ್ಲಾಪಿನಲ್ಲಿ ಎಕ್ಕ, ಹತ್ತು, ನಾಲ್ಕು. ಗೆಳೆಯ ಪಣ ಇಟ್ಟ, ನಾನು ಸರಿಗಟ್ಟಿದೆ. ಎಂಟು ಬಿತ್ತು, ಮತ್ತೆ ಇಟ್ಟ, ಮತ್ತೆ ಸರಿಗಟ್ಟಿದೆ. ಎರಡು ಬಿತ್ತು, ಅವನು ದೊಡ್ಡದಾಗಿಯೇ ಇಟ್ಟ. ಅಷ್ಟು ಹೊತ್ತಿಗೆ ನನಗೆ ಒಳಗೊಳಗೇ ಗೊತ್ತಾಗಿತ್ತು. ಆದರೂ "ನನ್ನ ಹತ್ರ ಎಕ್ಕದ ಜೋಡಿ ಉಂಟಲ್ಲ" ಅಂತ ತಳ್ಳಿದೆ. ಅವನು ಎಕ್ಕ-ರಾಣಿ ತಿರುಗಿಸಿದ. 1,400 ರೂಪಾಯಿ ಹೋಯಿತು. ಆ ತಿಂಗಳ ಮೆಸ್ಸಿನ ದುಡ್ಡು ಅದು. ಪುಸ್ತಕಕ್ಕೆ ಬೇಕು ಅಂತ ಅಪ್ಪನಿಗೆ ಸುಳ್ಳು ಹೇಳಿ ಮತ್ತೆ ತರಿಸಿದೆ. ಅಪ್ಪ ಒಂದೂ ಪ್ರಶ್ನೆ ಕೇಳದೆ ಕಳಿಸಿದರು. ಆ ದಿನದಿಂದ ಹಣ ಇಟ್ಟು ಆಡಿಲ್ಲ. ಆದರೆ ಯಾಕೆ ಸೋತೆ ಅನ್ನುವ ಲೆಕ್ಕ ಬಿಡಲಿಲ್ಲ.

ಲೆಕ್ಕ ಹಾಕುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ಬಡ ಎಕ್ಕದಲ್ಲಿ ಫ್ಲಾಪಿಗೆ ಎಕ್ಕ ಬೀಳದಿದ್ದರೆ ದೊಡ್ಡ ಅಪಾಯ ಇಲ್ಲ. ನೂರಕ್ಕೆ 83 ಸಲ ಬೀಳುವುದೂ ಇಲ್ಲ. ಆಗ ಎಸೆದು ಸುಮ್ನೆ ಕೂರುತ್ತೀರಿ, ಎರಡು ಬೀಜ ಹೋಯಿತು ಅಷ್ಟೆ. ಕಷ್ಟ ಶುರುವಾಗುವುದು ಉಳಿದ 17 ಸಲ, ನೀವು ಕಾಯುತ್ತಿದ್ದ ಎಕ್ಕ ಬಿದ್ದಾಗ. ಆಗ ನಿಮ್ಮ ಎದುರಿಗೆ ಎಕ್ಕ ಇಲ್ಲದವರು ಏನು ಮಾಡುತ್ತಾರೆ? ನೀವು ಪಣ ಇಟ್ಟ ಕೂಡಲೇ ಎಸೆದು ಹೋಗುತ್ತಾರೆ. ಹಾಗಾಗಿ ನೀವು ಮುಂದಿದ್ದಾಗ ಸಿಗುವುದು ಸಣ್ಣ ಗುಡ್ಡೆ. ಮೂರು ಸುತ್ತೂ ನಿಮ್ಮ ಜೊತೆ ದುಡ್ಡು ಹಾಕುತ್ತಾ ಬರುವವರು ಯಾರು? ನಿಮಗಿಂತ ದೊಡ್ಡ ಜೊತೆಗಾರ ಇರುವ ಎಕ್ಕದವರು, ಎರಡು ಜೋಡಿಯವರು, ಮೂರು ಒಂದೇ ಬಗೆ ಕೂಡಿಸಿಕೊಂಡವರು. ಗೆದ್ದರೆ ಚಿಲ್ಲರೆ, ಸೋತರೆ ನೋಟು. ಹಾಸ್ಟೆಲಿನ ಆ ರಾತ್ರಿ ನಡೆದದ್ದು ಇದೇ. ದುರದೃಷ್ಟ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ.

"ಎಲ್ಲರ ಹತ್ರ ಎಕ್ಕ ಇರ್ತದಾ ಸರ್?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ಬೋರ್ಡಿನ ಮೇಲೆ ಬರೆದೇ ತೋರಿಸಿದೆ. ನಿಮ್ಮ ಕೈಯಲ್ಲಿ ಒಂದು ಎಕ್ಕ. ನೀವು ನೋಡದ ಎಲೆ 50, ಅವುಗಳಲ್ಲಿ ಎಕ್ಕ 3. ಮೇಜಿನಲ್ಲಿ ಹತ್ತು ಜನ ಇದ್ದರೆ ಉಳಿದ ಒಂಬತ್ತು ಜನರ ಕೈಯಲ್ಲಿ 18 ಎಲೆ. ಆ ಮೂರೂ ಎಕ್ಕ ಯಾರ ಕೈಗೂ ಹೋಗದೆ ಉಳಿದ 32 ಎಲೆಯಲ್ಲೇ ಇರಬೇಕು. 50ರಲ್ಲಿ 32, 49ರಲ್ಲಿ 31, 48ರಲ್ಲಿ 30, ಮೂರನ್ನೂ ಗುಣಿಸಿ. ನೂರಕ್ಕೆ 25 ಬರುತ್ತದೆ. ಅಂದರೆ ನಾಲ್ಕರಲ್ಲಿ ಮೂರು ಸಲ ಇನ್ನೊಬ್ಬರ ಕೈಯಲ್ಲೂ ಎಕ್ಕ ಉಂಟು! ನಿಮ್ಮದು ಎಕ್ಕ-ಐದು ಆದರೆ, ಅದಕ್ಕಿಂತ ಒಳ್ಳೆಯ ಎಕ್ಕ ಯಾರದ್ದಾದರೂ ಕೈಯಲ್ಲಿ ಇರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆರು ಜನರ ಮೇಜಾದರೆ ಇನ್ನೊಂದು ಎಕ್ಕ ಇರುವ ಸಾಧ್ಯತೆ ಸರಿಸುಮಾರು ಅರ್ಧ. ಇಬ್ಬರೇ ಆಡುತ್ತಿದ್ದರೆ ನೂರಕ್ಕೆ ಹನ್ನೆರಡು ಮಾತ್ರ. ಎಕ್ಕ-ಐದು ಅದೇ ಎಕ್ಕ-ಐದು. ಮೇಜಿಗೆ ಜನ ಸೇರಿದ ಹಾಗೆ ಅದರ ಬೆಲೆ ಇಳಿಯುತ್ತಾ ಹೋಗುತ್ತದೆ.

ಎದುರಾಬದುರು ಇಟ್ಟು ನೋಡೋಣ. ಎಕ್ಕ-ರಾಜನ ಎದುರು ಎಕ್ಕ-ಐದು ಐದೂ ಎಲೆ ಬೀಳುವವರೆಗೆ ನಿಂತರೆ, ನೂರಕ್ಕೆ ಸುಮಾರು 70 ಸಲ ಎಕ್ಕ-ರಾಜನದ್ದೇ ಗೆಲುವು. ಜೋಡಿ ಎಂಟರ ಎದುರೂ ಹೆಚ್ಚುಕಡಿಮೆ ಅದೇ ಲೆಕ್ಕ. ರಾಜ-ರಾಣಿಯ ಎದುರು ಮಾತ್ರ ಎಕ್ಕ-ಐದು ಅರ್ಧಕ್ಕಿಂತ ಸ್ವಲ್ಪ ಮೇಲೆ. ಸೋಲುವಾಗ ತುಂಬಾ ಹಿಂದೆ, ಗೆಲ್ಲುವಾಗ ಕೂದಲೆಳೆಯಷ್ಟು ಮುಂದೆ.

ಈಗ ನನಗೆ ತುಂಬಾ ಇಷ್ಟದ ಒಂದು ಆಟದ ಬಗ್ಗೆ ಹೇಳಬೇಕು. 1997ರ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯದ ಕೊನೆಯ ಕೈ. ಜಾಗ ಅಮೆರಿಕದ ಲಾಸ್ ವೇಗಸ್. 1980 ಮತ್ತು 81ರಲ್ಲಿ ಗೆದ್ದಿದ್ದ ಸ್ಟೂ ಉಂಗರ್ ಎಷ್ಟೋ ವರ್ಷದ ಮೇಲೆ ಮತ್ತೆ ಕೊನೆಯ ಮೇಜಿಗೆ ಬಂದಿದ್ದ. ಎದುರಿಗೆ ಜಾನ್ ಸ್ಟ್ರೆಂಪ್. ಮೊದಲ ಬಹುಮಾನ 10 ಲಕ್ಷ ಡಾಲರ್. ಅಂಥ ಮೇಜಿನಲ್ಲಿ, ಅಂಥ ಹೊತ್ತಿನಲ್ಲಿ, ಇಬ್ಬರ ಕೈಯಲ್ಲೂ ಇದ್ದದ್ದು ಏನು ಗೊತ್ತಾ? ಬಡ ಎಕ್ಕ! ಉಂಗರ್ ಹತ್ತಿರ ಎಕ್ಕ-ನಾಲ್ಕು. ಸ್ಟ್ರೆಂಪ್ ಹತ್ತಿರ ಎಕ್ಕ-ಎಂಟು.

ಫ್ಲಾಪ್ ಎಕ್ಕ, ಐದು, ಮೂರು. ಟರ್ನಿನಲ್ಲಿ ಮತ್ತೊಂದು ಮೂರು. ಇಬ್ಬರಿಗೂ ಎಕ್ಕದ ಜೋಡಿ, ಮೂರರ ಜೋಡಿ. ಐದನೇ ಎಲೆ ಸ್ಟ್ರೆಂಪನಿಗೆ ಎಂಟು. ಉಂಗರನಿಗೆ ಮೇಜಿನ ಐದು. ಸ್ಟ್ರೆಂಪ್ ಮುಂದೆ. ಕಾಣದ ಎಲೆ 44 ಉಳಿದಿವೆ. ನಾನು ಒಂದು ರಾತ್ರಿ ಕೂತು ಅಷ್ಟೂ ಎಲೆಯನ್ನು ಮೂರು ಗುಡ್ಡೆ ಮಾಡಿದೆ. ಎರಡು ಬಿದ್ದರೆ ಉಂಗರನಿಗೆ ಎಕ್ಕದಿಂದ ಐದರವರೆಗಿನ ಸರಣಿ, ಗೆದ್ದ. ಅದು 4 ಎಲೆ. ನಾಲ್ಕು ಬಿದ್ದರೆ ನಾಲ್ಕರ ಜೋಡಿ, ಆಗಲೂ ಗೆದ್ದ. ಅದು 3 ಎಲೆ. ಐದು, ಆರು, ಏಳು, ಎಂಟು ಬಿದ್ದರೆ ಸ್ಟ್ರೆಂಪನ ಗೆಲುವು. ಅದು 14 ಎಲೆ. ಉಳಿದ 23? ಒಂಬತ್ತೋ ಹತ್ತೋ ಗುಲಾಮನೋ ರಾಣಿಯೋ ರಾಜನೋ ಬಿದ್ದರೆ ಆ ದೊಡ್ಡ ಎಲೆಯೇ ಇಬ್ಬರಿಗೂ ಐದನೆಯದು. ಎಂಟೂ ಸತ್ತಿತು, ನಾಲ್ಕೂ ಸತ್ತಿತು, ಗುಡ್ಡೆ ಸಮಪಾಲು. ಎಕ್ಕವೋ ಮೂರೋ ಬಿದ್ದರೂ ಸಮಪಾಲೇ. ಬಡ ಎಕ್ಕಗಳ ಜಗಳ ಎಷ್ಟೋ ಸಲ ಹೀಗೇ ಮುಗಿಯುತ್ತದೆ. ಎಂಟಿಗೆ ನಾಲ್ಕಿಗಿಂತ ಹೆಚ್ಚು ಬೆಲೆ ಅಂತ ನಂಬಿ ಕೂತವನಿಗೆ ಆಗ ಆ ಬೆಲೆ ಸಿಗುವುದೇ ಇಲ್ಲ.

ರಿವರಿನಲ್ಲಿ ಬಿದ್ದದ್ದು ಇಸ್ಪೀಟು ಎರಡು. ಉಂಗರ್ ಮೂರನೇ ಸಲ ಗೆದ್ದ. ಮರುವರ್ಷ ನವೆಂಬರಿನಲ್ಲಿ ತೀರಿಕೊಂಡ. ಈ ಕೈಯನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಕೆಲವರು ಇದನ್ನು ಕೇಳಿ "ನೋಡಿ, ಎಕ್ಕ-ನಾಲ್ಕರಲ್ಲೇ ವಿಶ್ವಕಪ್ ಗೆದ್ದಿದ್ದಾನೆ" ಅನ್ನುತ್ತಾರೆ. ಮಾರಾಯ್ರೆ, ಅಲ್ಲಿ ಇದ್ದದ್ದು ಇಬ್ಬರೇ. ಇಬ್ಬರ ಮೇಜಿನಲ್ಲಿ ಎಕ್ಕ-ಎರಡು ಕೂಡ ಯಾವುದೋ ಎರಡು ಎಲೆಯ ಎದುರು ಅರ್ಧಕ್ಕಿಂತ ಮುಂದೆಯೇ ಇರುತ್ತದೆ. ಹತ್ತು ಜನರ ನಡುವೆ, ಮೊದಲು ಮಾತಾಡಬೇಕಾದ ಜಾಗದಲ್ಲಿ ಕೂತು ಉಂಗರನ ಹೆಸರು ಹೇಳಬಾರದು.

ಹಾಗಾದರೆ ಬಡ ಎಕ್ಕವನ್ನು ಆಡಲೇಬಾರದಾ? ಆಡಬಹುದು. ಎಲ್ಲಿ, ಯಾವಾಗ ಅನ್ನುವುದು ಮುಖ್ಯ.

ಕೂತ ಜಾಗದ ಮಾತು ಮೊದಲು. ಹಂಚುವವರ ಜಾಗವನ್ನು ಬಟನ್ ಅನ್ನುತ್ತಾರೆ. ಫ್ಲಾಪ್ ಬಿದ್ದ ಮೇಲೆ ಪ್ರತಿ ಸುತ್ತಿನಲ್ಲೂ ಕೊನೆಗೆ ಮಾತಾಡುವುದು ಅವರು. ನೀವು ಬಟನ್ನಿನಲ್ಲಿದ್ದೀರಿ, ಮುಂಚಿನವರೆಲ್ಲ ಎಸೆದಿದ್ದಾರೆ, ಉಳಿದದ್ದು ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಡಬೇಕಾದ ಪಣ) ಕಟ್ಟಿದ ಇಬ್ಬರು ಮಾತ್ರ. ಆಗ ಎಕ್ಕ-ಐದು ಒಳ್ಳೆಯ ಕೈ. ಏರಿಸಿ. ಎಷ್ಟೋ ಸಲ ಇಬ್ಬರೂ ಎಸೆಯುತ್ತಾರೆ. ನಿಮ್ಮ ಕೈಯಲ್ಲೇ ಒಂದು ಎಕ್ಕ ಇರುವುದರಿಂದ ಎದುರಿನವರ ಹತ್ತಿರ ಜೋಡಿ ಎಕ್ಕ ಇರುವ ದಾರಿ 6 ಇದ್ದದ್ದು 3ಕ್ಕೆ ಇಳಿಯುತ್ತದೆ, ಎಕ್ಕ-ರಾಜ 16 ಇದ್ದದ್ದು 12ಕ್ಕೆ. ಅದೇ ಎಲೆ ಮೊದಲ ಜಾಗದಲ್ಲಿ ಬಂದರೆ, ನಿಮ್ಮ ಹಿಂದೆ ಇನ್ನೂ ಎಂಟೊಂಬತ್ತು ಜನ ಮಾತಾಡಲಿಕ್ಕಿದ್ದಾರೆ. ಎಸೆಯಿರಿ. ಯಾರಾದರೂ ಮುಂಚೆಯೇ ಏರಿಸಿದ್ದರೂ ಎಸೆಯಿರಿ. ಏರಿಸುವುದು ಬೇರೆ, ಇನ್ನೊಬ್ಬರು ಏರಿಸಿದ್ದಕ್ಕೆ ಸರಿಗಟ್ಟುವುದು ಬೇರೆ. ಏರಿಸಿದವರ ಕೈಯಲ್ಲಿ ಎಕ್ಕ ಇದ್ದರೆ ಅದು ಹೆಚ್ಚಾಗಿ ನಿಮ್ಮದಕ್ಕಿಂತ ದೊಡ್ಡ ಎಕ್ಕ. ಸರಿಗಟ್ಟಿ ಬಡ ಎಕ್ಕ ಆಡುವುದರಷ್ಟು ನಷ್ಟದ ಅಭ್ಯಾಸ ಹೊಸಬರಲ್ಲಿ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು, ಎರಡೂ ಎಲೆ ಒಂದೇ ಗುರುತಿನದ್ದಾ ಅನ್ನುವುದು. ಬರೀ ಗೆಲುವಿನ ಲೆಕ್ಕ ನೋಡಿದರೆ ಒಂದೇ ಗುರುತು ಇದ್ದರೆ ನೂರಕ್ಕೆ ಮೂರು ನಾಲ್ಕು ಹೆಚ್ಚು, ಅಷ್ಟೆ. ಆದರೆ ಗೆಲ್ಲುವ ರೀತಿಯೇ ಬೇರೆ. ಆಟೀನಿನ ಎಕ್ಕ, ಆಟೀನಿನ ಐದು ಇದೆ ಅಂತಿಟ್ಟುಕೊಳ್ಳಿ. ನೂರಕ್ಕೆ ಹನ್ನೊಂದು ಸಲ ಫ್ಲಾಪಿನಲ್ಲಿ ಇನ್ನೆರಡು ಆಟೀನು ಬೀಳುತ್ತವೆ. ಆಮೇಲೆ ರಿವರಿನೊಳಗೆ ಐದನೆಯದು ಸೇರುವ ಸಾಧ್ಯತೆ 35. ಸೇರಿದರೆ ನಿಮ್ಮದೇ ದೊಡ್ಡ ಫ್ಲಶ್, ಅಂದರೆ ಒಂದೇ ಗುರುತಿನ ಐದು ಎಲೆ. ರಾಜ ಹಿಡಿದು ಫ್ಲಶ್ ಮಾಡಿಕೊಂಡವನೂ ನಿಮ್ಮ ಕೆಳಗೆ. ಅವನು ಬಿಡುವುದಿಲ್ಲ, ದುಡ್ಡು ಹಾಕುತ್ತಲೇ ಹೋಗುತ್ತಾನೆ. ಬೇರೆ ಗುರುತಿನ ಎಕ್ಕದಲ್ಲಿ ನೀವು ಕಟ್ಟುತ್ತಿದ್ದ ನೋಟನ್ನು ಇಲ್ಲಿ ಅವನು ಕಟ್ಟುತ್ತಾನೆ. ಸೇರದಿದ್ದರೆ ಎಸೆಯುವುದಕ್ಕೆ ಮನಸ್ಸಿಗೂ ಕಷ್ಟವಿಲ್ಲ.

ಇಲ್ಲಿ ಒಂದು ವಿಚಿತ್ರ ಉಂಟು. ಎಕ್ಕ-ಐದು ಎಷ್ಟೋ ಸಲ ಎಕ್ಕ-ಆರಿಗಿಂತ ಒಳ್ಳೆಯದು. ಎಕ್ಕ, ಎರಡು, ಮೂರು, ನಾಲ್ಕು, ಐದು ಸೇರಿದರೆ ಸರಣಿ. ಎಕ್ಕದ ಜೊತೆಗಿರುವ ಎಲೆ ಐದೋ ಅದಕ್ಕಿಂತ ಸಣ್ಣದೋ ಆದರೆ ಕೈಯ ಎರಡೂ ಎಲೆ ಆ ಸರಣಿಗೆ ದುಡಿಯುತ್ತವೆ. ಆರರಿಂದ ಒಂಬತ್ತರವರೆಗಿನದ್ದು ಇದ್ದರೆ ಎರಡೂ ಸೇರಿ ಯಾವ ಸರಣಿಯನ್ನೂ ಕಟ್ಟುವುದಿಲ್ಲ. ಉಂಗರನ ನಾಲ್ಕು ಮಾಡಿದ ಕೆಲಸವನ್ನು ಸ್ಟ್ರೆಂಪನ ಎಂಟಿಗೆ ಮಾಡಲು ಆಗುತ್ತಿರಲಿಲ್ಲ.

ಕೊನೆಗೆ ಪ್ರಶ್ನೆಗಳು. ಒಬ್ಬರು ಹಿರಿಯರು ಕೇಳಿದರು, "ಎಕ್ಕ-ಒಂಬತ್ತು ಕೂಡ ಎಸೀಬೇಕಾ?" ತುಂಬಿದ ಮೇಜಿನಲ್ಲಿ ಮೊದಲ ಜಾಗದಲ್ಲಿ, ಬೇರೆ ಬೇರೆ ಗುರುತಾದರೆ, ಹೌದು. ಆರು ಜನರಿದ್ದು ಕೊನೆಯ ಜಾಗಗಳಲ್ಲಿದ್ದರೆ ಆಡಿ. ಇನ್ನೊಬ್ಬರು, "ಫ್ಲಾಪಿನಲ್ಲಿ ಎಕ್ಕ ಬಿದ್ದರೆ ಎಷ್ಟು ಸುತ್ತು ನಿಲ್ಲಬೇಕು?" ಅಂತ ಕೇಳಿದರು. ಒಂದು ಸುತ್ತು ನೀವು ಇಡಿ, ಅಥವಾ ಒಂದು ಸುತ್ತು ಸರಿಗಟ್ಟಿ. ಎರಡನೆಯದಕ್ಕೆ ಯೋಚಿಸಿ. ಮೂರನೆಯ ಸುತ್ತಿನಲ್ಲಿ ದೊಡ್ಡ ಪಣ ಬಂದರೆ ಬಿಟ್ಟುಬಿಡಿ. ಗುಡ್ಡೆ ಸಣ್ಣದಾಗಿರಲಿ ಅಂತ ನೋಡಿಕೊಂಡರೆ ಬಡ ಎಕ್ಕ ಬದುಕಿಕೊಳ್ಳುತ್ತದೆ.

ಹೊರಗೆ ಮಳೆ ನಿಂತಿರಲಿಲ್ಲ, ಯಾರೂ ಎದ್ದಿರಲಿಲ್ಲ. ಇನ್ನೊಂದು ಕೈ ಹಂಚಿದೆ. ಮಣಿಪಾಲದ ಹುಡುಗನಿಗೆ ಈ ಸಲ ಮೊದಲು ಮಾತಾಡುವ ಜಾಗ. ಎಲೆಯ ಮೂಲೆ ಎತ್ತಿ ನೋಡಿದ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡ. ಆಮೇಲೆ ಎರಡನ್ನೂ ಮುಂದಕ್ಕೆ ಸರಿಸಿ ಎಸೆದ. ಉಳಿದವರ ಆಟ ನಡೆಯಿತು. ಫ್ಲಾಪಿನಲ್ಲಿ ಎಕ್ಕ, ಏಳು, ಎರಡು. ಹುಡುಗ ಎಸೆದ ಎಲೆಯನ್ನು ತಿರುಗಿಸಿ ನನಗೆ ತೋರಿಸಿದ. ಎಕ್ಕ-ಏಳು. ಎರಡು ಜೋಡಿ ಆಗುತ್ತಿತ್ತು. ಗುಡ್ಡೆ ಹೋದದ್ದು ಎಕ್ಕ-ಗುಲಾಮ ಹಿಡಿದಿದ್ದವರಿಗೆ.

"ಈಗ ಎಂತ ಹೇಳ್ತೀರಿ ಸರ್?" ಅಂದ.

"ಎಸೆದದ್ದು ಸರಿ" ಅಂದೆ. ಅವನು ನನ್ನ ಮುಖವನ್ನೇ ನೋಡಿದ. ನಾನು ಅವನ ಪಕ್ಕದ ಕುರ್ಚಿ ಎಳೆದು ಕೂತೆ. ಹಾಳೆ ತೆಗೆದು ಬರೆಯತೊಡಗಿದೆವು, ಒಂಬತ್ತು ಜನ, 18 ಎಲೆ, ಕಾಣದ ಮೂರು ಎಕ್ಕ. ಸಾಲಿಗ್ರಾಮದ ಅಮ್ಮ ಆಗಲೇ ಮುಂದಿನ ಕೈಗೆ ಎಲೆ ಕಲಸುತ್ತಿದ್ದರು.